ಹೊಸ್ತಿಲೊಳಗಿನ ಸ್ವಾತಂತ್ರ್ಯ

ಕಳೆದ ತಿಂಗಳು ತರಗತಿಯಲ್ಲಿ ಪಶ್ಚಿಮದ ಮೂವರು ಪ್ರಸಿದ್ಧ ನಾಯಿಕೆಯರ ಕಥೆಯನ್ನು ಹೇಳುತ್ತಿದ್ದೆ. ಫ್ಲೋಬೇರನ ಎಮ್ಮಾ ಬೋವರಿ (1857), ಟಾಲ್‌ಸ್ಟಾಯ್‌ನ ಆನ್ನಾ ಕರೆನಿನಾ (1878), ಇಬ್ಸನ್ನನ ನಾಟಕದ ನೋರಾ (1879) ಈ ಮೂವರೂ ವಿವಾಹಿತೆಯರು. ಮೂವರಿಗೂ ತಮ್ಮ ಬಾಳು ತಮ್ಮದಾಗಬೇಕೆಂಬ ಹಂಬಲ. ಪಾಠ ಮುಗಿಯುತ್ತ ಬಂದಾಗ ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಹಿಂದಿನ ವರುಷವಷ್ಟೇ ಲಗ್ನವಾದವಳು. ಗಂಡನ ಮನೆಯಿಂದ ಬಸ್ಸಿನಲ್ಲಿ ಬಂದು ಓದು ಮುಂದುವರಿಸಿರುವವಳು.

"ಸರ, ಒಬ್ಬಾಕಿ ಪಾಷಾಣ ತಿಂದ್ಲು, ಒಬ್ಬಾಕಿ ರೈಲಿನ ಕೆಳಗ ಬಿದ್ಲು, ಇನ್ನೊಬ್ಬಾಕಿ ಬಾಗಲಾ ಬಡದು ಹೊರಗ ಹೋದ್ಲು. ಮನ್ಯಾಗ ಇದ್ದಕೊಂಡ ತನ್ನ ಬಾಳೆ ತಾನು ಕಂಡಕೊಂಡಾಕಿ ಯಾರೂ ಇಲ್ಲೇನ್ರೀ?"

ಇಡಿಯ ತರಗತಿ ನಕ್ಕಿತು, ನಾನೂ ನಕ್ಕೆ. ಗಂಟೆ ಬಾರಿಸಿದ್ದರಿಂದ ಉತ್ತರ ಹೇಳುವ ಕಷ್ಟ ತಪ್ಪಿತು. ಆದರೆ ಪ್ರಶ್ನೆ ನನ್ನೊಡನೆ ಮನೆಯವರೆಗೂ ನಡೆದುಬಂದಿತು.

ಆಕೆ ಕೇಳಿದ್ದರಲ್ಲಿ ತಪ್ಪೇನಿದೆ? ಹೊರಟುಹೋದವಳನ್ನು ಸಾಹಿತ್ಯ ಕೊಂಡಾಡುತ್ತದೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಅರಮನೆಯನ್ನು ತೊರೆದು ಕಲ್ಯಾಣದ ದಾರಿ ಹಿಡಿದಳೆಂದು ಶರಣರ ಚರಿತೆಗಳು ಹೇಳುತ್ತವೆ. ಆಕೆಯ ಮೂರ್ತಿಗೆ ನಾವು ಭಕ್ತಿಯಿಂದ ಕೈಮುಗಿಯುತ್ತೇವೆ. ನಮ್ಮ ಮನೆಯ ಸೊಸೆ ಹೊಸ್ತಿಲು ದಾಟಿದರೆ ಮಾತ್ರ ಹಿರಿಯರನ್ನು ಕೂಡಿಸಿ ಪಂಚಾಯತಿ ಹಚ್ಚುತ್ತೇವೆ. ಲಕ್ಷಾವಧಿ ಹೆಂಗಸರು ಹೊರಟೂ ಹೋಗುವುದಿಲ್ಲ, ಸಾಯುವುದೂ ಇಲ್ಲ. ಅವರು ಇರುತ್ತಾರೆ. ಹೀಗೆ ಇರುವವರ ಸ್ವಾತಂತ್ರ್ಯದ ಕಥೆಯನ್ನು ಬರೆದವರು ಯಾರು?

ಉತ್ತರಕ್ಕಾಗಿ ಪ್ಯಾರಿಸ್ಸಿಗೋ ಮಾಸ್ಕೋಗೋ ಹೋಗಬೇಕಾಗಿರಲಿಲ್ಲ. ಅಂಥದೊಂದು ಕಾದಂಬರಿಯನ್ನು ಬರೆದವರು ನಮ್ಮ ಧಾರವಾಡದಲ್ಲಿಯೇ ಹುಟ್ಟಿದವರು. ಶಶಿ ದೇಶಪಾಂಡೆಯವರು 1938ರಲ್ಲಿ ಧಾರವಾಡದಲ್ಲಿ ಜನಿಸಿದರು. ಕನ್ನಡ ರಂಗಭೂಮಿಗೆ ಹೊಸ ದಾರಿಯನ್ನು ತೆರೆದ ಶ್ರೀರಂಗರ ಮಗಳು ಅವರು. ತಂದೆ ಕನ್ನಡದಲ್ಲಿ ನಾಟಕ ರಚಿಸಿದರು. ಮಗಳು ಇಂಗ್ಲಿಷಿನಲ್ಲಿ ಕಥೆ ಕಾದಂಬರಿಗಳನ್ನು ಬರೆದರು. 1988ರಲ್ಲಿ ಪ್ರಕಟವಾಗಿ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರ 'ದ್ಯಾಟ್ ಲಾಂಗ್ ಸೈಲೆನ್ಸ್' ಇಂದು ಭಾರತೀಯ ಇಂಗ್ಲಿಷ್ ಕಾದಂಬರಿಗಳಲ್ಲಿ ಗಟ್ಟಿಯಾಗಿ ನಿಂತಿರುವ ಕೃತಿ. ಹೆಸರನ್ನು ಕನ್ನಡದಲ್ಲಿ 'ಆ ದೀರ್ಘ ಮೌನ' ಎನ್ನಬಹುದು. ಈ ಹೆಸರು ಬಂದದ್ದು ಎಲಿಜಬೆತ್ ರಾಬಿನ್ಸ್ ಎಂಬಾಕೆ 1907ರಲ್ಲಿ ಮಾಡಿದ ಭಾಷಣದಿಂದ. ಲಂಡನ್ನಿನ ರಂಗಭೂಮಿಯ ಮೇಲೆ ಇಬ್ಸನ್ನನ ನಾಯಿಕೆಯರಾಗಿ ಅಭಿನಯಿಸಿ ಹೆಸರಾದ ನಟಿ ಆಕೆ.

ಇನ್ನು ಕಥೆ. ಜಯಾ ಎಂಬ ಗೃಹಿಣಿ. ಗಂಡ ಮೋಹನ ಇಂಜಿನಿಯರ್. ಒಬ್ಬ ಮಗ, ಒಬ್ಬಳು ಮಗಳು. ಮುಂಬಯಿಯಲ್ಲಿ ಸುಸಜ್ಜಿತವಾದ ಮನೆ. ಹದಿನೇಳು ವರುಷಗಳ ದಾಂಪತ್ಯದಲ್ಲಿ ಹೊರಗಿನವರು ಬೆರಳು ತೋರಿಸುವಂಥದೇನೂ ಇಲ್ಲ. ಇದ್ದಕ್ಕಿದ್ದಂತೆ ಕಚೇರಿಯಲ್ಲಿ ಮೋಹನನ ಮೇಲೆ ಹಣದ ಅವ್ಯವಹಾರದ ಆಪಾದನೆ ಬಂದು ವಿಚಾರಣೆ ಆರಂಭವಾಗುತ್ತದೆ. ಕೆಲ ದಿನ ಕಣ್ಣಿಗೆ ಬೀಳದಂತಿರುವುದು ಲೇಸೆಂದು ಗಂಡಹೆಂಡಿರು, ಜಯಾಳ ತವರಿನ ಕಡೆಯಿಂದ ಬಂದ ದಾದರಿನ ಹಳೆಯ, ಇಕ್ಕಟ್ಟಾದ ಮನೆಗೆ ಬಂದು ಸೇರುತ್ತಾರೆ. ಮಕ್ಕಳು ಸ್ನೇಹಿತರೊಡನೆ ಪ್ರವಾಸ ಹೋಗಿದ್ದಾರೆ. ಹೊತ್ತಿನ ಗಡಿಬಿಡಿ ಇಲ್ಲದ ಆ ಮನೆಯಲ್ಲಿ ಜಯಾಳಿಗೆ ಮೊದಲ ಬಾರಿಗೆ ತನ್ನನ್ನು ತಾನು ನೋಡಿಕೊಳ್ಳುವ ಪುರಸತ್ತು ದೊರಕುತ್ತದೆ. ಕಾದಂಬರಿಯ ಘಟನೆ ಇಷ್ಟೆ. ಮಿಕ್ಕದ್ದೆಲ್ಲ ನೆನಪು.

ಆ ನೆನಪುಗಳಲ್ಲೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಮೋಹನನ ತಾಯಿ ಬಡತನದಲ್ಲಿ ಸಂಸಾರ ನಡೆಸಿದವಳು. ಗಂಡ ಎಷ್ಟು ರಾತ್ರಿಯಾಗಿ ಬಂದರೂ ಅವನಿಗೆ ಆಗ ಮಾಡಿದ ಬಿಸಿ ಅನ್ನವೇ ಆಗಬೇಕು. ಮಕ್ಕಳಿಗೆ ಉಣಿಸಿ ಮಲಗಿಸಿ, ಆಕೆ ಎರಡನೆಯ ಬಾರಿ ಅನ್ನಕ್ಕಿಡುತ್ತಾಳೆ. ಒಂದು ರಾತ್ರಿ ಆತ, ಚಟ್ನಿ ಹೊಸದಾಗಿ ಅರೆದದ್ದಲ್ಲವೆಂದು ಗಂಗಾಳವನ್ನೇ ಎಸೆದು ಹೊರಗೆ ಹೋಗುತ್ತಾನೆ. ಆಕೆ ಮಾತಿಲ್ಲದೆ ನೆಲವನ್ನು ಒರೆಸಿ, ಚಟ್ನಿ ಅರೆದು, ಮತ್ತೆ ಒಲೆ ಹೊತ್ತಿಸಿ ಕೂಡುತ್ತಾಳೆ. ಈ ಪ್ರಸಂಗವನ್ನು ಮೋಹನ ಹೆಂಡತಿಗೆ ಹೇಳುವುದು ಅಭಿಮಾನದಿಂದ. ಆಗಿನ ಹೆಂಗಸರು ಎಂಥ ಗಟ್ಟಿಗರಾಗಿದ್ದರೆಂಬುದು ಅವನ ಭಾವನೆ. ಜಯಾಳಿಗೆ ಅಲ್ಲಿ ಕಾಣುವುದೇ ಬೇರೆ. ಮಾತೆಲ್ಲ ವ್ಯರ್ಥವೆಂದು ತಿಳಿದು ಮೌನಕ್ಕೆ ಶರಣಾದ ಹತಾಶೆ ಅವಳ ಕಣ್ಣಿಗೆ ಬೀಳುತ್ತದೆ. ಒಂದೇ ಒಲೆ, ಒಂದೇ ಹೆಂಗಸು. ನೋಡುವ ಕಣ್ಣು ಎರಡು.

ವಾಚಕರ ಮುಂದೆ ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ಅಂಥದೇ ಒಂದು ಕಥೆಯನ್ನು ನಾನೂ ಅನೇಕ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ನನ್ನ ಊರು ನವಲಗುಂದ ತಾಲೂಕಿನ ಮೊರಬ. ಎರೆಯ ಸೀಮೆ, ಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ ಬೆಳೆಯುವ ಊರು. ನಾನು ಸಾಲೆಗೆ ಹೋಗುತ್ತಿದ್ದಾಗ ಒಂದು ಮಳೆಗಾಲದ ರಾತ್ರಿ ಅಪ್ಪ ಬಹಳ ತಡವಾಗಿ ಬಂದ. ಜೊತೆಗೆ ಇಬ್ಬರು ಬೀಗರು. ಬುಟ್ಟಿಯಲ್ಲಿ ಎರಡು ರೊಟ್ಟಿಗಳಿದ್ದವು, ಆರಿದ್ದವು. ಅಪ್ಪ ಬುಟ್ಟಿಯನ್ನು ನೋಡಿ ಏನೂ ಅನ್ನಲಿಲ್ಲ, ಮುಖ ಅತ್ತ ತಿರುಗಿಸಿದ, ಅಷ್ಟೆ. ಅವ್ವ ಎದ್ದು, ಹಸಿ ಕಟ್ಟಿಗೆಯ ಒಲೆಯನ್ನು ಊದಿ ಊದಿ ಹೊತ್ತಿಸಿ ರೊಟ್ಟಿ ಬಡಿಯತೊಡಗಿದಳು. ಚಿಮಣಿಯ ಬೆಳಕಿನಲ್ಲಿ ಅವಳ ಅಂಗೈಯ ಸಪ್ಪಳ ಕೇಳುತ್ತ ನಾನು ನಿದ್ದೆಹೋದೆ. ತಾಯಂದಿರ ತ್ಯಾಗವನ್ನು ಕುರಿತು ಮಾತನಾಡುವ ಪ್ರಸಂಗ ಬಂದಾಗಲೆಲ್ಲ ಆ ಸಪ್ಪಳವನ್ನು ನಾನು ವರ್ಣಿಸದೆ ಬಿಟ್ಟದ್ದಿಲ್ಲ.

ಈ ಕಾದಂಬರಿಯನ್ನು ಮತ್ತೊಮ್ಮೆ ಓದುತ್ತಿದ್ದ ದಿನ, ಆ ಪುಟದ ಸಂಗತಿಯನ್ನೂ ಅವ್ವನ ಕಥೆಯನ್ನೂ ಹೆಂಡತಿಗೆ ಹೇಳಿದೆ. ಅವಳು ನನ್ನ ಕಥೆಯನ್ನು ಮೊದಲೇ ಎಷ್ಟೋ ಸಲ ಕೇಳಿದ್ದವಳು. ಈ ಸಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಒಂದೇ ಮಾತು ಕೇಳಿದಳು:

"ಅವತ್ತ ಅತ್ತಿಯವರು ಉಂಡಿದ್ರೇನ್ರೀ?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತೈದು ವರುಷ ಆ ರಾತ್ರಿಯನ್ನು ಕಥೆಯಾಗಿ ಹೇಳಿದವನು ಆ ಒಂದು ಸಂಗತಿಯನ್ನು ವಿಚಾರಿಸಿಯೇ ಇರಲಿಲ್ಲ.

ಅಲ್ಲಿಂದ ಮುಂದೆ ಕಾದಂಬರಿಯನ್ನು ನಾನು ಓದಿದ ರೀತಿಯೇ ಬದಲಾಯಿತು. ಜಯಾ ಎಂಬುದು ತಂದೆ ಪ್ರೀತಿಯಿಂದ ಇಟ್ಟ ಹೆಸರು. ಜಯ ಗಳಿಸುವವಳಾಗಲಿ ಎಂಬ ಆಸೆಯಿಂದ ಇಟ್ಟದ್ದು. ಮದುವೆಯ ದಿನ ಮೋಹನ ಅವಳಿಗೆ ಸುಹಾಸಿನಿ ಎಂದು ಹೊಸ ಹೆಸರಿಡುತ್ತಾನೆ. ನಗುನಗುತ್ತ ಮನೆಯನ್ನು ಸಾಗಿಸುವ, ಎಲ್ಲರ ಮನವರಿತು ನಡೆಯುವ ಹೆಣ್ಣು ಈ ಸುಹಾಸಿನಿ. ಅಕ್ಕಿಯ ಮೇಲೆ ಉಂಗುರದಿಂದ ಸೊಸೆಯ ಹೊಸ ಹೆಸರನ್ನು ಬರೆಯಿಸುವ ಪದ್ಧತಿ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಹೊಸದೇನಲ್ಲ. ಬರೆಯುವವರಿಗೆ ಅದು ಒಂದು ಶಾಸ್ತ್ರ. ಹಳೆಯ ಹೆಸರಿನವಳು ಎಲ್ಲಿಗೆ ಹೋದಳೆಂದು ಕೇಳುವವರಿಲ್ಲ.

ಇನ್ನೊಂದು ಪ್ರಸಂಗದಲ್ಲಿ ಜಯಾಳ ಚಿಕ್ಕಪ್ಪ ಬಹು ಶ್ರಮವಹಿಸಿ ಮನೆತನದ ವಂಶವೃಕ್ಷವನ್ನು ಸಿದ್ಧಪಡಿಸಿ ತೋರಿಸುತ್ತಾನೆ. ಅದರಲ್ಲಿ ತನ್ನ ಹೆಸರೇಕಿಲ್ಲವೆಂದು ಜಯಾ ಕೇಳಿದರೆ, ನೀನು ಈಗ ಗಂಡನ ಮನೆತನದವಳಲ್ಲವೇ ಎನ್ನುತ್ತಾನೆ. ಹೋಗಲಿ, ಆ ಮನೆತನಕ್ಕೆ ಸೊಸೆಯರಾಗಿ ಬಂದು, ಅದನ್ನು ಕಟ್ಟಿ ನಿಲ್ಲಿಸಿದ ಅಜ್ಜಿಯ, ತಾಯಿಯ, ಚಿಕ್ಕಮ್ಮಂದಿರ ಹೆಸರುಗಳಾದರೂ ಇವೆಯೇ? ಅವೂ ಇಲ್ಲ. ಇಲ್ಲಿಗೆ ಬಂದಾಗ ನನಗೆ ನಮ್ಮ ಊರಿಗೆ ಬರುತ್ತಿದ್ದ ಹೆಳವರ ನೆನಪಾಯಿತು. ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬಂದು, ಒಕ್ಕಲು ಮನೆಗಳ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ತಲೆಮಾರುಗಳ ಹೆಸರನ್ನು ಹೇಳಿ ಕಾಳು ಪಡೆಯುವುದು ಅವರ ಪರಂಪರೆಯ ವೃತ್ತಿ. ಅವರು ನಮ್ಮ ಹಿರಿಯರ ಹೆಸರನ್ನು ಒಂದರ ಮೇಲೊಂದು ಹೇಳುತ್ತಿದ್ದರೆ ಹುಡುಗನಾದ ನನ್ನ ಎದೆ ಉಬ್ಬುತ್ತಿತ್ತು. ಮರದಲ್ಲಿ ಜೋಳ ತಂದು ಅವರ ಚೀಲಕ್ಕೆ ಸುರುವಿದ ಕೈ ಅವ್ವನದು. ನಾನು ಕೇಳಿದಷ್ಟು ಹೆಸರುಗಳಲ್ಲಿ ಅವ್ವನ ಹೆಸರಿದ್ದದ್ದು ನೆನಪಿಲ್ಲ.

ಈ ವಾರಪತ್ರಿಕೆಯನ್ನು ಓದುವವರು ವಿಶೇಷವಾಗಿ ಗಮನಿಸಬೇಕಾದ ಭಾಗವೊಂದು ಕಾದಂಬರಿಯಲ್ಲಿದೆ. ಜಯಾ ಲೇಖಕಿ. ತನ್ನ ಹೆಂಡತಿಗೆ ದೇಹದ ಮೂಲಕವಲ್ಲದೆ ಬೇರೆ ದಾರಿಯಿಂದ ಹತ್ತಿರವಾಗಲು ತಿಳಿಯದ ಗಂಡನೊಬ್ಬನನ್ನು ಕುರಿತು ಆಕೆ ಒಂದು ಕಥೆ ಬರೆಯುತ್ತಾಳೆ. ಅದಕ್ಕೆ ಬಹುಮಾನವೂ ಬರುತ್ತದೆ. ಮೋಹನ ನೊಂದುಕೊಳ್ಳುತ್ತಾನೆ. ಓದಿದವರೆಲ್ಲ ಆ ಗಂಡ ತಾನೇ ಎಂದುಕೊಂಡರೆ ಗತಿಯೇನು? ಅವನು ಬೈಯುವುದಿಲ್ಲ, ಹೊಡೆಯುವುದಿಲ್ಲ. ನೊಂದ ಮುಖ ತೋರಿಸುತ್ತಾನೆ, ಅಷ್ಟೆ. ಅಷ್ಟೇ ಸಾಕಾಯಿತು. ಜಯಾ ಅಂಥ ಕಥೆಗಳನ್ನು ಕೈಬಿಟ್ಟು, 'ಸೀತಾ' ಎಂಬ ಹೆಸರಿನಲ್ಲಿ ಮಧ್ಯಮವರ್ಗದ ಗೃಹಿಣಿಯ ಪೇಚಾಟಗಳನ್ನು ಕುರಿತು ಪತ್ರಿಕೆಗೆ ನಗೆಯ ಅಂಕಣ ಬರೆಯತೊಡಗುತ್ತಾಳೆ. ಸಂಪಾದಕರಿಗೆ ಸಂತೋಷ, ಓದುಗರಿಗೆ ಸಂತೋಷ, ಗಂಡನಿಗಂತೂ ಅಭಿಮಾನ. ಮೇಲಿನ ಮನೆಯ ಕಾಮತ್ ಎಂಬ ವಯಸ್ಸಾದ ಏಕಾಂಗಿಯೊಬ್ಬ ಮಾತ್ರ, ನಿನ್ನ ಬರವಣಿಗೆಯಲ್ಲಿ ಸಿಟ್ಟು ಎಲ್ಲಿ ಹೋಯಿತೆಂದು ಕೇಳುತ್ತಾನೆ. ಅದೇ ಕಾಮತ್ ಒಂದು ದಿನ ತನ್ನ ಮನೆಯಲ್ಲಿ ಸತ್ತು ಬಿದ್ದದ್ದನ್ನು ಕಂಡ ಜಯಾ, ಜನ ಏನೆಂದಾರೋ ಎಂಬ ಅಂಜಿಕೆಯಿಂದ ಯಾರಿಗೂ ಹೇಳದೆ ಬಾಗಿಲು ಮುಂದೆ ಮಾಡಿಕೊಂಡು ಬಂದುಬಿಡುತ್ತಾಳೆ.

ಲೇಖಕಿಯ ಪ್ರಾಮಾಣಿಕತೆ ಇಲ್ಲಿದೆ. ದೋಷವನ್ನೆಲ್ಲ ಗಂಡನ ತಲೆಗೆ ಕಟ್ಟಿದ್ದರೆ ಕಾದಂಬರಿ ಸುಲಭವಾಗುತ್ತಿತ್ತು. ಜಯಾ ತನ್ನನ್ನೂ ಕಟಕಟೆಗೆ ಹತ್ತಿಸುತ್ತಾಳೆ. ಮೌನದಲ್ಲಿ ಒಂದು ಸುಖವಿದೆ, ಒಂದು ಭದ್ರತೆಯಿದೆ. ತಪ್ಪು ಮಾತಾಡಿದ ಹೊಣೆ ಬರುವುದಿಲ್ಲ. ಬರೆಯದಿರುವುದಕ್ಕೆ ಮೋಹನ ಒಂದು ನೆಪವೂ ಆಗಿದ್ದನೆಂಬುದನ್ನು ಅವಳು ಕೊನೆಗೆ ಒಪ್ಪಿಕೊಳ್ಳುತ್ತಾಳೆ. ಸ್ವಾತಂತ್ರ್ಯವನ್ನು ಬಯಸುವವರು ಹೊರಬೇಕಾದ ಭಾರ ಇದು. ಇದನ್ನು ಹೊರಲಾರದೆ ಎಷ್ಟೋ ಗಂಡಸರೂ ಮೌನಿಗಳಾಗಿಯೇ ಬಾಳು ಮುಗಿಸುತ್ತಾರೆ.

'ಮುಂಬಯಿಯ ಅನುಕೂಲಸ್ಥ ಹೆಂಗಸಿನ ಅಳಲು ಎರೆಯ ಹೊಲದಲ್ಲಿ ಕಳೆ ತೆಗೆಯುವವಳಿಗೆ ಏನು ತಾನೆ ಹೇಳೀತು?' ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಲೇಖಕಿಗೂ ಅದರ ಅರಿವಿದೆ. ಜಯಾಳ ಮನೆಯ ಕೆಲಸದವಳು ಜೀಜಾ. ಮಕ್ಕಳಾಗಲಿಲ್ಲವೆಂದು ಗಂಡ ಮತ್ತೊಬ್ಬಳನ್ನು ತಂದರೂ ದೂರದೆ, ಅವನ ಮಗನ ಸಂಸಾರವನ್ನೂ ತನ್ನ ದುಡಿಮೆಯಿಂದ ಹೊತ್ತವಳು. ಸ್ವಂತ ಗಳಿಕೆಯಿದ್ದ ಮಾತ್ರಕ್ಕೆ ಸ್ವಾತಂತ್ರ್ಯ ಬರುವುದಿಲ್ಲವೆಂಬುದಕ್ಕೆ ಜೀಜಾಳ ಬಾಳೇ ಸಾಕ್ಷಿ. ನಮ್ಮ ಊರ ಹೊಲಗಳಲ್ಲಿ ಕೂಲಿ ಮಾಡಿ ಮನೆ ನಡೆಸುವ ಹೆಂಗಸರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದಾಂಪತ್ಯವನ್ನು ಜಯಾ ಒಂದು ನೊಗಕ್ಕೆ ಕಟ್ಟಿದ ಜೋಡೆತ್ತಿಗೆ ಹೋಲಿಸುತ್ತಾಳೆ. ಒಂದೇ ಕಡೆಗೆ ನಡೆದರೆ ಕಷ್ಟವಿಲ್ಲ; ಒಂದು ಅತ್ತ, ಒಂದು ಇತ್ತ ಎಳೆದರೆ ಎರಡರ ಹೆಗಲಿಗೂ ನೋವು. ಓದುವಾಗ ಒಕ್ಕಲಿಗನ ಮಗನಾದ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಜೋಡಿಯಲ್ಲಿ ಒಂದು ಎತ್ತು ಸೊರಗಿದ್ದರೆ, ಬಲ್ಲ ರೈತ ಆ ಎತ್ತಿನ ಕಡೆಗೆ ನೊಗದ ಉದ್ದವನ್ನು ಹೆಚ್ಚು ಬಿಟ್ಟು ಕಟ್ಟುತ್ತಾನೆ. ಆಗ ಅದರ ಹೆಗಲ ಮೇಲಿನ ಭಾರ ಕಡಿಮೆಯಾಗುತ್ತದೆ. ಎತ್ತು ಬಾಯಿಬಿಟ್ಟು ಹೇಳುವುದಿಲ್ಲ, ನೋಡಿ ತಿಳಿದುಕೊಳ್ಳುತ್ತೇವೆ. ಹೊಲದಲ್ಲಿ ಇಷ್ಟು ತಿಳುವಳಿಕೆಯುಳ್ಳ ನಾವು ಮನೆಗೆ ಬರುವಾಗ ಅದನ್ನು ನೊಗದೊಡನೆ ಹೊರಗೇ ಬಿಟ್ಟು ಬರುತ್ತೇವೆಯೇ?

ಒಂದು ದಿನ ಮಾತಿಗೆ ಮಾತು ಬೆಳೆದು, ಜಯಾಳಿಗೆ ತಡೆಯಲಾರದ ನಗು ಉಕ್ಕಿಬಂದು, ಮೋಹನ ಮನೆ ಬಿಟ್ಟು ಹೋಗುತ್ತಾನೆ. ಬಾಗಿಲು ತೆರೆದು ಹೊರಟವನು ಇಲ್ಲಿ ಗಂಡ! ನೋರಾಳ ಕಥೆಯನ್ನು ಬಲ್ಲ ವಾಚಕರು ಈ ವ್ಯತ್ಯಾಸವನ್ನು ಗಮನಿಸದಿರಲಾರರು. ಜಯಾ ಹುಚ್ಚಿಯಂತೆ ಅಲೆದು, ಜ್ವರದಲ್ಲಿ ಬಿದ್ದು, ಎದ್ದು ಬರೆಯಲು ಕೂಡುತ್ತಾಳೆ. ನಾವು ಓದುತ್ತಿರುವ ಕಾದಂಬರಿಯೇ ಆ ಬರಹ. ಕೊನೆಗೆ ಎಲ್ಲ ಸರಿಹೋಯಿತು, ಬರುತ್ತಿದ್ದೇನೆ ಎಂದು ಮೋಹನನ ತಂತಿ ಬರುತ್ತದೆ. ಜಯಾ ಅವನಿಗಾಗಿ ಕಾಯುತ್ತಾಳೆ. ಆದರೆ ಕಾಯುವವಳು ಈಗ ಸುಹಾಸಿನಿಯಲ್ಲ. ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ, ರಾಣಿಗೂ ದಾಸಿಗೂ ಪ್ರಾಕೃತ ಎಂಬ ಸಂಪ್ರದಾಯವಿತ್ತಷ್ಟೆ. ಇಷ್ಟು ವರುಷ ತಾನೂ ಗಂಡನೊಡನೆ ಪ್ರಾಕೃತವನ್ನೇ ಆಡಿದೆನೆಂಬುದು ಅವಳಿಗೆ ಹೊಳೆಯುತ್ತದೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸಿದ, ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದ ಶ್ರೀರಂಗರ ಮಗಳಿಗೆ ಈ ಹೋಲಿಕೆ ಸಹಜವಾಗಿಯೇ ಹೊಳೆದಿರಬೇಕು. ಕೃಷ್ಣನು ಅರ್ಜುನನಿಗೆ ಎಲ್ಲವನ್ನೂ ಉಪದೇಶಿಸಿ, ಕಡೆಗೆ ಆಯ್ಕೆಯನ್ನು ಅವನಿಗೇ ಬಿಟ್ಟ ಸಂಗತಿಯನ್ನೂ ಜಯಾ ನೆನೆಯುತ್ತಾಳೆ. ಆಯ್ಕೆ ತನ್ನದೂ ಹೌದು. ಇನ್ನು ತಾನು ಮಾತನಾಡಬೇಕು. ಮೋಹನ ಬದಲಾಗುವನೋ ಇಲ್ಲವೋ ಲೇಖಕಿ ಹೇಳುವುದಿಲ್ಲ. ಮನುಷ್ಯರು ಬದಲಾಗಬಲ್ಲರೆಂಬ ಆಸೆಯೊಂದನ್ನು ಮಾತ್ರ ಉಳಿಸಿ ಪುಸ್ತಕವನ್ನು ಮುಚ್ಚುತ್ತಾರೆ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದು ಉತ್ತರವಾದೀತೆ? ಅರ್ಧ ಉತ್ತರವಾದೀತು ಎಂದು ನನಗೆ ತೋರುತ್ತದೆ. ಮನೆಯೊಳಗಿದ್ದೇ ಸ್ವಾತಂತ್ರ್ಯವನ್ನು ಹುಡುಕುವವಳು ಮಾತನಾಡಬೇಕು, ನಿಜ. ಆಡಿದ ಮಾತು ಗೋಡೆಗೆ ಬಡಿದು ಬೀಳಬಾರದಾದರೆ ಕೇಳುವವನೊಬ್ಬನೂ ಬೇಕು. ಆ ಇನ್ನರ್ಧ ಉತ್ತರವನ್ನು ಬರೆಯಬೇಕಾದವರು ಮೋಹನರು, ಎಂದರೆ ನಾವು.

ಪುಸ್ತಕವನ್ನು ಆ ಹುಡುಗಿಗೆ ಓದಲು ಕೊಟ್ಟು, ಮುಂದಿನ ಆದಿತ್ಯವಾರ ಮೊರಬದ ಬಸ್ಸು ಹಿಡಿದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅವರೆಯ ಕಾಯಿ ಸುಲಿಯುತ್ತಿದ್ದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ. ಅದೂ ಇದೂ ಮಾತಾಡಿ, ಆ ಮಳೆಯ ರಾತ್ರಿಯನ್ನು ನೆನಪಿಗೆ ತಂದು ಕೇಳಿದೆ.

"ಅವತ್ತ ನೀ ಉಂಡಿದ್ದೇನವಾ?"

ಅವ್ವ ನಕ್ಕಳು. "ಯಾವ ಕಾಲದ್ದ ಕೇಳತೀಯೋ ತಮ್ಮಾ. ಅದೆಲ್ಲಾ ಯಾರಿಗೆ ನೆನಪಿರತೈತಿ?" ಎಂದು ಮತ್ತೆರಡು ಕಾಯಿ ಸುಲಿದಳು. ಆಮೇಲೆ ತಲೆಯೆತ್ತದೆಯೇ ಹೇಳಿದಳು: "ಹಿಟ್ಟ ಅವರ ಮೂರೂ ಮಂದಿಗೆ ಸರಿ ಆತು. ಕರೆಂಟ ಇಲ್ಲದ ಗಿರಣಿ ಎರಡ ದಿನ ಬಂದ ಇತ್ತು. ಬುಟ್ಟ್ಯಾಗಿನ ಎರಡ ರೊಟ್ಟಿ ತಿನ್ನಬೇಕಂದ್ನಿ, ಮುಂಜಾನೆ ನೀವು ಸಾಲಿಗೆ ಹೋಗೂಮುಂದ ಏನ ಕೊಡ್ಲಿ? ಒಂದ ತಂಬಗಿ ನೀರ ಕುಡದ ಮಕ್ಕೊಂಡೆ."

ನೆನಪಿಲ್ಲವೆಂದವಳಿಗೆ ಹಿಟ್ಟಿನ ಲೆಕ್ಕ ಕೂಡ ನೆನಪಿತ್ತು.

ಕಟ್ಟೆಯ ಮೇಲಿಂದ ಅಪ್ಪನ ಕೆಮ್ಮು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆಯ ದನಿ:

"ನನಗ ಹೇಳಿದ್ದಿಲ್ಲಲ್ಲ."

"ನೀವು ಕೇಳಿದ್ದಿಲ್ಲಲ್ಲ" ಎಂದಳು ಅವ್ವ.

ಅಷ್ಟು ಹೇಳಿ ಅವಳು ಎದ್ದು ಒಳಗೆ ಹೋದಳು. ಅಪ್ಪ ಕಟ್ಟೆಯಿಂದಿಳಿದು ಬಂದು, ಅವಳು ಬಿಟ್ಟುಹೋದ ಮರದ ಮುಂದೆ ಕುಳಿತು, ಒಂದೊಂದೇ ಅವರೆಕಾಯಿಯನ್ನು ಸುಲಿಯತೊಡಗಿದ. ಅಂದು ಮಧ್ಯಾಹ್ನ ನಾವು ಮೂವರೂ ಒಟ್ಟಿಗೆ ಕುಳಿತು ಉಂಡೆವು.